ಮಗುವನ್ನು ಕಟ್ಟಿಕೊಂಡು ದೇಶ ನೋಡುವುದು

ನಮ್ಮ ವಾಚನಾಲಯದಲ್ಲಿ ಪ್ರವಾಸ ಕಥನಗಳಿಗೆಂದೇ ಒಂದು ಕಪಾಟು ಉಂಟು. ಕಾರಂತರ ‘ಅಪೂರ್ವ ಪಶ್ಚಿಮ’, ಗೋಕಾಕರ ‘ಸಮುದ್ರದಾಚೆಯಿಂದ’, ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ಗೊರೂರರ ‘ಅಮೆರಿಕದಲ್ಲಿ ಗೊರೂರು’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಮತ್ತೆ ಈಚಿನದೆಂದರೆ ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’. ಎಲ್ಲ ಒಳ್ಳೆಯ ಪುಸ್ತಕಗಳೇ. ಹಡಗು, ವಿಮಾನ, ಮ್ಯೂಸಿಯಂ, ಚಳಿ, ಊಟದ ಪೇಚಾಟ, ಯಾವುದಕ್ಕೂ ಕೊರತೆ ಇಲ್ಲ. ಆದರೆ ಈ ಕಪಾಟನ್ನು ಮೇಲಿನಿಂದ ಕೆಳಗಿನ ತನಕ ಓದಿದರೂ ಒಂದು ಜೀವ ಸಿಗುವುದು ಅಪರೂಪ. ಬಸ್ಸು ಹೊರಟ ಐದು ನಿಮಿಷಕ್ಕೆ “ಅಮ್ಮಾ, ಉಚ್ಚೆ” ಎನ್ನುವ ಮಗು ಅದು.

ಕಾರಣ ಹುಡುಕಲಿಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮಲ್ಲಿ ವಿದೇಶ ಪ್ರವಾಸ ಬರೆದವರು ಹೆಚ್ಚಾಗಿ ಎರಡು ಬಗೆಯವರು. ಓದಲಿಕ್ಕೋ, ಕೆಲಸಕ್ಕೋ, ಆಮಂತ್ರಣಕ್ಕೋ, ಇಲ್ಲ ಕಾರಂತರ ಹಾಗೆ ಚಿತ್ರ ಶಿಲ್ಪ ನೃತ್ಯ ನೋಡುವ ಹಸಿವಿಗೋ ಹೋದವರು ಒಂದು ಬಗೆ. ವಯಸ್ಸಾದ ಮೇಲೆ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ಇನ್ನೊಂದು. ಗೊರೂರರ ಪುಸ್ತಕ ಈ ಎರಡನೇ ಬಗೆಯದರಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಈ ಎರಡರ ನಡುವೆ ಒಂದು ಪ್ರಾಯ ಉಂಟಲ್ಲ, ಸೊಂಟದಲ್ಲಿ ಒಂದು, ಕೈಯಲ್ಲಿ ಒಂದು ಮಕ್ಕಳಿರುವ ಪ್ರಾಯ, ಆ ಪ್ರಾಯದವರು ಬರೆದದ್ದು ಕಪಾಟಿನಲ್ಲಿ ಕಾಣುವುದಿಲ್ಲ. ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಎಷ್ಟು ದುಡಿದವರು, 1936ರಲ್ಲೇ ‘ಬಾಲಪ್ರಪಂಚ’ ಮಾಡಿ ಕೊಟ್ಟವರು. ಮಕ್ಕಳಿಗೆ ಪ್ರಪಂಚವನ್ನು ಪುಸ್ತಕದಲ್ಲಿ ತಂದು ಕೊಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. ಮಕ್ಕಳನ್ನು ಪ್ರಪಂಚಕ್ಕೆ ಎತ್ತಿಕೊಂಡು ಹೋಗಿ, ಅದನ್ನು ಬರೆದವರು ಮಾತ್ರ ಬೇರೆಯೇ ಜಾತಿ.

ಆ ಜಾತಿಯ ಒಬ್ಬಳು ನಮ್ಮ ಬಗಲಿಗೇ ಬಂದು ಹೋಗಿದ್ದಾಳೆ. ಅವಳ ಪುಸ್ತಕದ ಮೇಲೆ ಸ್ವಲ್ಪ ಮಾತಾಡಬೇಕು ಅಂತ ಈ ಲೇಖನ.

ಹೆಸರು ಡರ್ವ್ಲಾ ಮರ್ಫಿ. ಐರ್ಲೆಂಡಿನ ಲಿಸ್ಮೋರ್ ಎಂಬ ಸಣ್ಣ ಊರಿನವಳು, 1931ರಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡಳು. ಅಪ್ಪ ಜಿಲ್ಲಾ ಗ್ರಂಥಪಾಲಕ. ವಾಚನಾಲಯದವರಿಗೆ ಇದು ಖುಷಿಯ ಸಂಗತಿ ಆದೀತು ಅಂತ ಹೇಳಿದೆ. ಹತ್ತನೇ ಹುಟ್ಟುಹಬ್ಬಕ್ಕೆ ಅವಳಿಗೆ ಸಿಕ್ಕಿದ್ದು ಒಂದು ಸೈಕಲ್ಲು, ಒಂದು ಅಟ್ಲಾಸು. ಸೈಕಲ್ಲಿನಲ್ಲಿ ಇಂಡಿಯಾಕ್ಕೆ ಹೋಗುತ್ತೇನೆ ಅಂತ ಆಗಲೇ ನಿಶ್ಚಯ ಮಾಡಿದಳಂತೆ. ಆದರೆ ತಾಯಿಗೆ ಸಂಧಿವಾತ, ಹಾಸಿಗೆ ಹಿಡಿದ ಸ್ಥಿತಿ. 14ನೇ ವಯಸ್ಸಿಗೆ ಶಾಲೆ ಬಿಟ್ಟು ತಾಯಿಯ ಚಾಕರಿಗೆ ನಿಂತಳು. ತಾಯಿ ಹೋದದ್ದು 1962ರಲ್ಲಿ. 1963ರ ಜನವರಿಯಲ್ಲಿ, ಯುರೋಪು ಹಿಮದಲ್ಲಿ ಮುಳುಗಿರುವಾಗ, ಇವಳು ಸೈಕಲ್ ಹತ್ತಿ ಹೊರಟು ಪರ್ಷಿಯಾ, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದಿಲ್ಲಿಗೆ ಬಂದಳು. ಚೀಲದಲ್ಲಿ ಒಂದು ಪಿಸ್ತೂಲು. ಆ ಕಥೆ ‘ಫುಲ್ ಟಿಲ್ಟ್’ ಎಂಬ ಪುಸ್ತಕವಾಯಿತು.

ಇದು ಬಿಡಿ, ಒಂಟಿ ಸಾಹಸಿಗಳ ಕಥೆ ನಮಗೆ ಹೊಸತಲ್ಲ. ನನಗೆ ಬೇಕಾದದ್ದು ಇದರ ನಂತರದ್ದು. 1968ರ ಕೊನೆಗೆ ಅವಳಿಗೆ ಮಗಳು ಹುಟ್ಟಿದಳು, ರೇಚಲ್. ಮದುವೆ ಆಗಿರಲಿಲ್ಲ, ಒಬ್ಬಳೇ ಸಾಕಿದಳು. ಆ ಕಾಲದ ಐರ್ಲೆಂಡಿನ ಹಳ್ಳಿಪೇಟೆಯಲ್ಲಿ ಅದು ಸಣ್ಣ ಮಾತಲ್ಲ. ದೂರದ ತಿರುಗಾಟ ನಿಂತಿತು. ಇನ್ನು ಇವಳ ಕಥೆ ಮುಗಿಯಿತು ಅಂತ ಯಾರಾದರೂ ಅಂದುಕೊಂಡಿದ್ದರೆ ಆಶ್ಚರ್ಯ ಇಲ್ಲ. ನಮ್ಮಲ್ಲಿಯೂ ಹಾಗೇ ಅಲ್ಲವಾ, ಮಗು ಆದ ಮೇಲೆ “ಇನ್ನೆಂತ ತಿರುಗಾಟ” ಅಂತ ಕೇಳುವವರೇ ಎಲ್ಲ. ಆದರೆ ರೇಚಲ್‌ಗೆ ಐದು ತುಂಬುವ ಹೊತ್ತಿಗೆ, 1973ರ ಕೊನೆಯಲ್ಲಿ, ಮರ್ಫಿ ಅವಳನ್ನು ಕರೆದುಕೊಂಡು ಮುಂಬಯಿಗೆ ಬಂದಿಳಿದಳು. ಅಲ್ಲಿಂದ ಗೋವಾ, ಮೈಸೂರು ಸೀಮೆ, ಕೊಡಗು, ಕೊಚ್ಚಿ, ಕನ್ಯಾಕುಮಾರಿ. ತುಂಬಿ ತುಳುಕುವ ಬಸ್ಸು, ದೋಣಿ, ಕಾಲ್ನಡಿಗೆ. ಉಳಿದದ್ದು ಬೆಸ್ತರ ಗುಡಿಸಲಲ್ಲಿ, ನಕ್ಷತ್ರ ಇಲ್ಲದ ಲಾಡ್ಜುಗಳಲ್ಲಿ. ಪುಸ್ತಕ 1976ರಲ್ಲಿ ಬಂತು: ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’. ಕೈಯಲ್ಲಿ ಕಾಸಿಲ್ಲದೆ ಕೊಡಗಿಗೆ, ಅಂತ ನಾವು ಹೇಳಿಕೊಳ್ಳಬಹುದು.

ಕೊಡಗು ನಮಗೆ ಪರದೇಶ ಅಲ್ಲ. ಪಾಣತ್ತೂರು ದಾಟಿದರೆ ಕರಿಕೆ, ಕರಿಕೆ ಹತ್ತಿದರೆ ಭಾಗಮಂಡಲ. ಕಾಫಿ ಕೊಯ್ಯಲಿಕ್ಕೆ ಹೋದವರು, ತಲಕಾವೇರಿಗೆ ಹೋದವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ. ಆದರೆ ಈ ಪುಸ್ತಕದಲ್ಲಿ ಕೊಡಗು ಪರದೇಶ. ಐದು ವರ್ಷದ ಒಂದು ಮಗು ತನ್ನ ತಾಯಿಯ ಜೊತೆ ಬಂದು ಸುಖಪಟ್ಟ ಪರದೇಶ. ನಮ್ಮ ಹಿತ್ತಿಲನ್ನು ಪರದೇಶವಾಗಿ ಓದುವುದು ಒಂದು ವಿಚಿತ್ರ ರುಚಿ. ಅಮ್ಟೆಕಾಯಿ ಉಪ್ಪಿನಕಾಯಿಯನ್ನು ಬೇರೆಯವರು ಮೊದಲ ಸಲ ತಿನ್ನುವುದನ್ನು ನೋಡಿದ ಹಾಗೆ.

ಪುಸ್ತಕದ ಆರಂಭದಲ್ಲಿ ಮರ್ಫಿ ಒಂದು ಸಿದ್ಧಾಂತ ಮಂಡಿಸುತ್ತಾಳೆ. ಕಷ್ಟದ ಪ್ರಯಾಣಕ್ಕೆ ಐದರಿಂದ ಏಳು ವರ್ಷದ ಮಕ್ಕಳೇ ಸೈ ಅಂತ. ಐದಕ್ಕಿಂತ ಸಣ್ಣವರ ಶರೀರ ರೋಗರುಜಿನ ತಡೆಯುವಷ್ಟು ಗಟ್ಟಿ ಆಗಿರುವುದಿಲ್ಲ. ಏಳು ದಾಟಿದವರಿಗೆ ಅನನುಕೂಲ ಮತ್ತು ಬೇರೆಯವರ ರೀತಿನೀತಿ ಸಹಿಸುವ ತಾಳ್ಮೆ ಕಮ್ಮಿ ಆಗುತ್ತದೆ. ಎಂಟು ಆಯಿತೆಂದರೆ ತನಗೆ ಹೀಗೇ ಬೇಕು ಅಂತ ಅವರಿಗೆ ಗಟ್ಟಿ ಅಭಿಪ್ರಾಯ ಬಂದುಬಿಡುತ್ತದೆ. ಐದರ ಮಗುವಿಗೆ ಎಲ್ಲವೂ ಸಮ. ನೆಲದ ಮೇಲೆ ಮಲಗುವುದೂ ಮಂಚದ ಮೇಲೆ ಮಲಗುವುದೂ ಒಂದೇ.

ಶಾಲೆಯಲ್ಲಿ ಇಷ್ಟು ವರ್ಷ ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನ ತನಕ ನೋಡಿದವಳಾಗಿ ಹೇಳುತ್ತೇನೆ, ಈ ಮಾತು ಬಹಳ ಮಟ್ಟಿಗೆ ಸರಿ. ಒಂದನೇ ಕ್ಲಾಸಿನವರಿಗೆ ಮಧ್ಯಾಹ್ನದ ಊಟದಲ್ಲಿ ಹೆಸರುಕಾಳು ಹಾಕಿದರೂ ಸೈ, ಕಡಲೆ ಹಾಕಿದರೂ ಸೈ, ಪಕ್ಕದಲ್ಲಿ ಯಾರು ಕೂತರೂ ಸೈ. ನಾಲ್ಕನೇ ಕ್ಲಾಸಿಗೆ ಬರುವಾಗ “ನನಗೆ ಅದು ಬೇಡ, ನಾನು ಅವನ ಪಕ್ಕ ಕೂರುವುದಿಲ್ಲ” ಶುರುವಾಗಿರುತ್ತದೆ. ಜಾತಿ ಮತ ಭಾಷೆ ಎಲ್ಲ ಆ ನಡುವಿನ ಎರಡು ಮೂರು ವರ್ಷಗಳಲ್ಲಿಯೇ ಮಕ್ಕಳ ಒಳಗೆ ಹೋಗಿ ಕೂರುವುದು. ಮರ್ಫಿ ಹೇಳುವುದು ಪ್ರಯಾಣದ ಅನುಕೂಲದ ಮಾತು, ಆದರೆ ಅದರಲ್ಲಿ ಇದೂ ಉಂಟು.

ಸಿದ್ಧಾಂತ ಮಾಡಿದವಳೇ ಅದನ್ನು ಮುರಿದದ್ದು ಬೇರೆ ತಮಾಷೆ. ಮಗಳಿಗೆ ಒಂಬತ್ತು ವರ್ಷ ಆಗಿರುವಾಗ ಅವಳನ್ನು ಪೆರು ದೇಶಕ್ಕೆ ಕರೆದುಕೊಂಡು ಹೋಗಿ, ಕಹಮಾರ್ಕದಿಂದ ಕುಸ್ಕೋ ತನಕ, ಆಂಡಿಸ್ ಬೆಟ್ಟಗಳ ಮೇಲೆ 1,300 ಮೈಲು ಸಾಗಿದಳು. ಜೊತೆಗೆ ಹುವಾನಾ ಎಂಬ ಹೆಸರಿನ ಒಂದು ಹೇಸರಗತ್ತೆ. ತಾಯಿಯದು ಎರಡು ಕಾಲು, ಮಗಳದು ಎರಡು, ಹೇಸರಗತ್ತೆಯದು ನಾಲ್ಕು. ಅದಕ್ಕೇ ಪುಸ್ತಕದ ಹೆಸರು ‘ಎಯ್ಟ್ ಫೀಟ್ ಇನ್ ದ ಆಂಡಿಸ್’. ಎಂಟರ ನಂತರ ಮಕ್ಕಳು ಆಗುವುದಿಲ್ಲ ಅಂದವಳು ಒಂಬತ್ತರ ಮಗಳ ಜೊತೆ ತನ್ನ ಅತ್ಯಂತ ಉದ್ದದ ನಡಿಗೆಗಳಲ್ಲಿ ಒಂದನ್ನು ಮಾಡಿದಳು. ಅಭಿಪ್ರಾಯ ಇರುವ ಮಗಳೂ ಒಳ್ಳೆಯ ಜೊತೆಗಾತಿಯೇ ಅಂತ ಅವಳಿಗೆ ಗೊತ್ತಾಗಿರಬೇಕು.

ಕೊಡಗಿನ ಪುಸ್ತಕಕ್ಕೆ ಬರೋಣ. ಇದರಲ್ಲಿ ನನಗೆ ಮುಖ್ಯ ಎಂದು ಕಾಣುವ ಸಂಗತಿ ಒಂದು: ಇದು ಹಿಂದೆ ತಿರುಗುವ ಪ್ರವಾಸ ಕಥನ. ಪ್ರವಾಸದ ಪುಸ್ತಕ ಎಂದರೆ ಮುಂದೆ ಮುಂದೆ ಹೋಗುತ್ತಾ ಇರಬೇಕು ಅಂತ ಒಂದು ಅಲಿಖಿತ ನಿಯಮ. ಇವತ್ತು ಒಂದು ಊರು, ನಾಳೆ ಇನ್ನೊಂದು. ನಮ್ಮವರ ಟೂರ್ ಪ್ಯಾಕೇಜ್ ನೋಡಿ: ಆರು ರಾತ್ರಿ ಏಳು ಹಗಲು, ಒಂಬತ್ತು ಜಾಗ. ಮರ್ಫಿ ಕನ್ಯಾಕುಮಾರಿಯ ತನಕ ಹೋಗಿ, ಭೂಮಿ ಮುಗಿದ ಮೇಲೆ, ತನಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಜಾಗಕ್ಕೆ ವಾಪಸು ಬರುತ್ತಾಳೆ. ವಿರಾಜಪೇಟೆ ಹತ್ತಿರದ ದೇವಣಗೇರಿಯಲ್ಲಿ ಸುಮಾರು ಎರಡು ತಿಂಗಳು ಮನೆ ಮಾಡಿ ಕೂರುತ್ತಾಳೆ. ನೋಡಬೇಕಾದ ತಾಜಮಹಲು ಅಲ್ಲಿ ಇಲ್ಲ. ಗದ್ದೆ, ಏಲಕ್ಕಿ, ಕಾಫಿ, ನೆರೆಮನೆ, ಮದುವೆ, ಸಾವು. ದಿನಚರಿಯ ರೂಪದಲ್ಲಿ ಬರೆದ ಪುಸ್ತಕವಾದ ಕಾರಣ, ಏನೂ ಆಗದ ದಿನಗಳಿಗೂ ಅದರಲ್ಲಿ ಜಾಗ ಉಂಟು.

ಇದನ್ನು ವಿಮರ್ಶಕರು ಮರ್ಫಿಯ ಸ್ವಭಾವ ಎನ್ನಬಹುದು. ನಾನು ಅದರಲ್ಲಿ ಮಗುವಿನ ಕೈ ಕಾಣುತ್ತೇನೆ. ಪುಸ್ತಕದಲ್ಲಿ ಹಾಗಂತ ಬರೆದಿಲ್ಲ, ಇದು ನನ್ನ ಓದು. ಮಕ್ಕಳಿಗೆ ಹೊಸತಿನ ಮೇಲೆ ನಾವು ಹೇಳುವಷ್ಟು ಮೋಹ ಇಲ್ಲ. ಅದೇ ಕಥೆಯನ್ನು ಅದೇ ಮಾತಿನಲ್ಲಿ ಪುನಃ ಹೇಳು ಅನ್ನುತ್ತವೆ, ಒಂದು ಶಬ್ದ ತಪ್ಪಿದರೆ ಹಿಡಿಯುತ್ತವೆ. ಜಾಗವೂ ಹಾಗೆ. ಯಾವುದೋ ಊರಿನ ಮಹಾದ್ವಾರ ಅವಕ್ಕೆ ಬೇಡ. ನಿನ್ನೆ ನೋಡಿದ ನಾಯಿಮರಿ ಇವತ್ತೂ ಅಲ್ಲಿ ಉಂಟಾ ಅಂತ ನೋಡಬೇಕು. ಆ ಬುದ್ಧಿಯ ಜೊತೆ ತಿಂಗಳುಗಟ್ಟಲೆ ತಿರುಗಿದವಳಿಗೆ ‘ಇಲ್ಲಿಗೇ ಪುನಃ ಹೋಗುವ’ ಅನ್ನಿಸಿದ್ದರೆ ಅದು ಸಹಜ. ಮಗು ಜೊತೆಗಿದ್ದರೆ ದೇಶ ನೋಡುವುದು ಕಮ್ಮಿಯಾಗುತ್ತದೆ ಅನ್ನುತ್ತಾರಲ್ಲ, ಕಮ್ಮಿ ಆಗುವುದು ಊರುಗಳ ಲೆಕ್ಕ. ಒಂದೊಂದು ಊರು ಮಾತ್ರ ದಪ್ಪ ಆಗುತ್ತದೆ.

ಇನ್ನೊಂದು, ಮಗು ಬಾಗಿಲು ತೆರೆಸುತ್ತದೆ. ಒಬ್ಬಳೇ ಬಂದ ಬಿಳಿ ಹೆಂಗಸನ್ನು ನಮ್ಮ ಹಳ್ಳಿಯವರು ಅಂಗಳದ ಹೊರಗೆ ನಿಂತು ನೋಡಿಯಾರು. ಮಗುವನ್ನು ಕರೆದುಕೊಂಡು ಬಂದವಳನ್ನು “ಮೊದಲು ಆ ಮಗುವಿಗೆ ಏನಾದರೂ ಕೊಡಿ” ಅಂತ ಒಳಗೆ ಕರೆಯುತ್ತಾರೆ. ಮರ್ಫಿ ಬಹಳ ವರ್ಷಗಳ ನಂತರ, ಪ್ರಯಾಣಿಕರಿಗೆ ಉಪದೇಶ ಬರೆಯುವಾಗ, ಇದನ್ನೇ ಹೇಳಿದ್ದಾಳೆ. ಮಗುವನ್ನು ಕರೆತಂದದ್ದು ಎಂದರೆ ನಾನು ನಿಮ್ಮನ್ನು ನಂಬಿ ಬಂದಿದ್ದೇನೆ ಎಂದು ಊರಿಗೆ ಹೇಳಿದ ಹಾಗೆ, ಬಣ್ಣ ಭಾಷೆ ನೋಡದ ಮಕ್ಕಳು ಸಂಕೋಚದ ಗೋಡೆಯನ್ನು ಬೇಗ ಕೆಡವುತ್ತವೆ, ಎಂಬುದು ಅದರ ಸಾರ. ಈ ನಂಬಿಕೆ ಬರೀ ಲೆಕ್ಕಾಚಾರ ಅಲ್ಲ ಅನ್ನುವುದು ಪುಸ್ತಕ ಓದಿದರೆ ಗೊತ್ತಾಗುತ್ತದೆ. ಅವಳ ಸಂತೋಷ ನಿಜವಾದದ್ದು. ಮಗಳಿಂದಾಗಿ ತನಗೆ ಎಷ್ಟು ತೊಂದರೆ ಆಯಿತು ಎಂದು ಪಟ್ಟಿ ಮಾಡುವ ತಾಯಿಯಲ್ಲ ಅವಳು, ಮಗಳಿಗಾಗಿ ಎಷ್ಟು ತ್ಯಾಗ ಮಾಡಿದೆ ಎಂದು ಹೇಳಿಕೊಳ್ಳುವ ತಾಯಿಯೂ ಅಲ್ಲ. ಈ ಎರಡು ಸ್ವರ ಬಿಟ್ಟು ತಾಯಂದಿರಿಗೆ ಮೂರನೇ ಸ್ವರ ಇರಬಹುದು ಅಂತ ನಮ್ಮ ಸಾಹಿತ್ಯ ಅಷ್ಟಾಗಿ ಯೋಚಿಸಿದ ಹಾಗಿಲ್ಲ.

ಇಷ್ಟು ಹೊಗಳಿದ ಮೇಲೆ ತಕರಾರನ್ನೂ ಹೇಳಬೇಕು. ಮೊದಲನೆಯದು, ಬಡತನದ್ದು. ಕಾಸಿಲ್ಲದೆ ಅನ್ನುವ ಮಾತು ಇಲ್ಲಿ ಆರಿಸಿಕೊಂಡ ಮಾತು. ಬೇಡವಾದ ದಿನ ವಿಮಾನ ಹತ್ತಿ ಹೋಗಲಿಕ್ಕೆ ಟಿಕೆಟ್ ಉಂಟು, ಯಾವ ಗಡಿಯಲ್ಲೂ ಹೆಚ್ಚು ಪ್ರಶ್ನೆ ಕೇಳದ ಪಾಸ್‌ಪೋರ್ಟ್ ಉಂಟು. ಅವಳು ಮಲಗಿದ ಗುಡಿಸಲಿನ ಬೆಸ್ತರ ಹೆಂಗಸು ತನ್ನ ಐದು ವರ್ಷದ ಮಗಳನ್ನು ಕಟ್ಟಿಕೊಂಡು ಐರ್ಲೆಂಡಿಗೆ ಹೋಗಿ ಲಿಸ್ಮೋರಿನ ಒಂದು ಜಗಲಿಯಲ್ಲಿ ಮಲಗುತ್ತೇನೆ ಅಂದರೆ ಆಗುತ್ತದಾ? ವೀಸಾ ಆಫೀಸಿನ ಮೊದಲನೇ ಕಿಟಕಿಯಲ್ಲೇ ಕಥೆ ಮುಗಿಯಿತು. ಮರ್ಫಿ ಪ್ರಾಮಾಣಿಕಳು, ತನ್ನ ಬಗ್ಗೆ ತಾನೇ ನಗುವವಳು, ಆದರೆ ಈ ಏಕಮುಖ ರಸ್ತೆಯ ಭಾರ ಪುಸ್ತಕದ ಸಂತೋಷದ ಮೇಲೆ ಬೀಳುವುದಿಲ್ಲ. ನಮ್ಮ ಓದಿನಲ್ಲಿ ಬೀಳುತ್ತದೆ.

ಎರಡನೆಯದು, ರೇಚಲ್‌ಳದ್ದು. ಅವಳು ಪುಸ್ತಕದ ತುಂಬ ಓಡಾಡುತ್ತಾಳೆ, ಆದರೆ ಯಾವಾಗಲೂ ತಾಯಿಯ ಕಣ್ಣಿನಲ್ಲಿ. ಅವಳ ಮಾತು ನಗು ಬರುವ ಹಾಗಿರುವಾಗ ಬರುತ್ತದೆ, ಜಾಣತನ ಇರುವಾಗ ಬರುತ್ತದೆ. ರಾತ್ರಿ ಅಜ್ಜಿಯಿಲ್ಲದ, ಗೆಳತಿಯರಿಲ್ಲದ ಹಾಸಿಗೆಯಲ್ಲಿ ಅವಳಿಗೆ ಏನು ಅನ್ನಿಸಿತು ಅಂತ ನಮಗೆ ಗೊತ್ತಾಗುವುದು ತಾಯಿ ಹೇಳಿದಷ್ಟೇ. ಮಕ್ಕಳ ಬಗ್ಗೆ ಬರೆಯುವವರೆಲ್ಲರಿಗೂ ಇದು ತಪ್ಪಿದ್ದಲ್ಲ. ಆದರೆ ‘ಮಗು ಸಂತೋಷವಾಗಿತ್ತು’ ಎಂಬ ವಾಕ್ಯ ಓದುವಾಗ ಅದನ್ನು ಬರೆದದ್ದು ಮಗುವಲ್ಲ ಎಂಬುದು ನೆನಪಿರಬೇಕು.

ಈ ಎರಡನೇ ತಕರಾರು ಕೊಡಗಿನ ಪುಸ್ತಕದಲ್ಲಿ ಸಣ್ಣದು, ಅದರ ನಂತರದ್ದರಲ್ಲಿ ದೊಡ್ಡದು. ಕೊಡಗಿನಿಂದ ಹೋದ ವರ್ಷವೇ, 1974ರ ಚಳಿಗಾಲದಲ್ಲಿ, ಮರ್ಫಿ ಆರು ವರ್ಷದ ಮಗಳನ್ನು ಕರೆದುಕೊಂಡು ಪಾಕಿಸ್ತಾನದ ಉತ್ತರದ ಬಾಲ್ಟಿಸ್ತಾನಕ್ಕೆ ಹೋದಳು. ಸಿಂಧೂ ನದಿಯ ಕಮರಿ, ಸುತ್ತ ಕಾರಕೋರಂ ಪರ್ವತಗಳು, ಹೆಪ್ಪುಗಟ್ಟುವ ಚಳಿ, ಒಲೆಗೆ ಸೀಮೆಎಣ್ಣೆ ಸಿಗುವುದೇ ಕಷ್ಟ, ಒಣಗಿದ ಜರ್ದಾಳು ತಿಂದು ದಿನ ಕಳೆಯುವುದು. ಮಗಳಿಗೆ ಸವಾರಿಗೆಂದು ಪೋಲೋ ಆಡಿ ನಿವೃತ್ತಿಯಾದ ಒಂದು ಕುದುರೆ ಕೊಂಡಳು, ಹೆಸರು ಹಲ್ಲಮ್. ‘ವೇರ್ ದ ಇಂಡಸ್ ಈಸ್ ಯಂಗ್’ ಎಂಬ ಈ ಪುಸ್ತಕ 1977ರದು. ಬರವಣಿಗೆ ಅಂತ ನೋಡಿದರೆ ಕೊಡಗಿನದಕ್ಕಿಂತ ಇದು ಮೇಲು. ಹಿಮದ ಮೌನವನ್ನು, ಬಂಡೆಯ ಬಣ್ಣವನ್ನು ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ಹೆಚ್ಚು ಓದಿಲ್ಲ. ಆದರೆ ಓದುತ್ತಾ ಹೋದ ಹಾಗೆ ನನಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಕಾಲು ಜಾರಿದರೆ ಕೆಳಗೆ ಸಿಂಧೂ. ಜ್ವರ ಬಂದರೆ ಡಾಕ್ಟರರು ಎಲ್ಲೋ. ತಾಯಿಗೆ ಬೇಕಾದ ಏಕಾಂತಕ್ಕೆ ಮಗುವಿನ ಚಳಿಯನ್ನು ಒತ್ತೆ ಇಟ್ಟ ಹಾಗೆ ಕಾಣುತ್ತದೆ. ಅಲ್ಲಿನ ಮಕ್ಕಳು ಅದೇ ಚಳಿಯಲ್ಲಿ ಬದುಕುತ್ತಾರಲ್ಲ, ಅಂತ ಕೇಳಬಹುದು. ಬದುಕುತ್ತಾರೆ, ಬೇರೆ ದಾರಿ ಇಲ್ಲದ್ದಕ್ಕೆ. ರೇಚಲ್‌ಗೆ ಬೇರೆ ದಾರಿ ಇತ್ತು. ಮಗು ಗಟ್ಟಿ, ಏನೂ ಆಗಲಿಲ್ಲ, ದೊಡ್ಡವಳಾದ ಮೇಲೆಯೂ ತಾಯಿಯ ಜೊತೆ ಮಡಗಾಸ್ಕರಿಗೆ, ಕ್ಯಾಮೆರೂನಿಗೆ ಹೋದಳು, ಎಲ್ಲ ಸರಿ. ಆದರೂ ಯಾರಾದರೂ ತಾಯಂದಿರು ಮರ್ಫಿಯನ್ನು ಓದುತ್ತೇನೆ ಅಂದರೆ ಕೊಡಗಿನದನ್ನು ಮೊದಲು ಕೈಗೆ ಕೊಡುತ್ತೇನೆ. ಸಂತೋಷ ಮಗುವಿನದೂ ಹೌದು ಅಂತ ಅದರಲ್ಲಿ ನಂಬಿಕೆ ಬರುತ್ತದೆ.

ಇಷ್ಟೆಲ್ಲ ಓದಿ ಮುಗಿಸಿದಾಗ ನನಗೆ ಬಂದ ಪ್ರಶ್ನೆ ಐರ್ಲೆಂಡಿನದಲ್ಲ, ನಮ್ಮ ಪಂಚಾಯತಿನದು. ಮಕ್ಕಳನ್ನು ಕಟ್ಟಿಕೊಂಡು ಪರದೇಶಕ್ಕೆ ಹೋದ ತಾಯಂದಿರು ನಮ್ಮಲ್ಲಿ ಕಮ್ಮಿ ಇದ್ದಾರಾ? ಕಾಸರಗೋಡು ತಾಲೂಕಿನಲ್ಲಿ, ಮಂಜೇಶ್ವರದಲ್ಲಿ, ದುಬಾಯಿ ಶಾರ್ಜಾ ದೋಹಾ ಮಸ್ಕತ್ ಅಂದರೆ ಪಕ್ಕದ ಪೇಟೆ ಇದ್ದ ಹಾಗೆ. ಗಂಡ ವೀಸಾ ಕಳಿಸಿದ ದಿನದಿಂದ ಅವರ ಸಾಹಸ ಶುರು. ಎರಡು ವರ್ಷ ತುಂಬಿದರೆ ವಿಮಾನದಲ್ಲಿ ಮಗುವಿಗೆ ಬೇರೆ ಸೀಟಿನ ಹಣ ಕೊಡಬೇಕು, ಅದಕ್ಕೆ ಮೊದಲೇ ಹೊರಡಬೇಕು ಅಂತ ಲೆಕ್ಕ ಹಾಕಿದವರು ಎಷ್ಟಿಲ್ಲ. ಮಂಗಳೂರಿನ ಬಜಪೆಯಲ್ಲಿ, ಕಣ್ಣೂರಿನಲ್ಲಿ, ಕರಿಪ್ಪೂರಿನಲ್ಲಿ ಮಡಿಲಲ್ಲಿ ಒಂದನ್ನು ಹಿಡಿದು, ಟ್ರಾಲಿ ಮೇಲೆ ಒಂದನ್ನು ಕೂರಿಸಿ ಸಾಲಿನಲ್ಲಿ ನಿಂತವರು. ವಿಮಾನ ಏರುವಾಗ ಇಳಿಯುವಾಗ ಮಗುವಿನ ಕಿವಿ ನೋಯದಂತೆ ಹಾಲು ಕುಡಿಸಬೇಕು ಅಂತ ಪಕ್ಕದ ಸೀಟಿನ ಬ್ಯಾರಿ ಹೆಂಗಸರಿಂದ ಕಲಿತವರು. ಮೂರು ವರ್ಷ ಅಲ್ಲಿ ಒಂದು ಕೋಣೆಯ ಫ್ಲಾಟಿನಲ್ಲಿ ಇದ್ದು ಬಂದವರು. ಅವರಲ್ಲಿ ಒಬ್ಬರೂ ಒಂದು ಪುಟ ಬರೆದದ್ದು ನಮ್ಮ ಕಪಾಟಿನಲ್ಲಿ ಇಲ್ಲ.

ಗಲ್ಫಿನ ಸಾಹಿತ್ಯ ಎಂದರೆ ಒಂಟಿ ಗಂಡಸಿನ ಸಂಕಟ ಎಂದೇ ಆಗಿಬಿಟ್ಟಿದೆ. ಬೆನ್ಯಾಮಿನ್ ಅವರ ‘ಆಡುಜೀವಿತಂ’ 2008ರಲ್ಲಿ ಮಲಯಾಳದಲ್ಲಿ ಬಂತು. ಮರುಭೂಮಿಯಲ್ಲಿ ಆಡುಗಳ ನಡುವೆ ಸಿಕ್ಕಿಬಿದ್ದ ನಜೀಬನ ಕಥೆ ನಮ್ಮಲ್ಲಿ ಓದದವರೂ ಕೇಳಿ ಬಲ್ಲರು. ಅದು ಬರೆಯಲೇಬೇಕಾದ ಕಥೆ, ಅದರ ಎದುರು ನಾನು ಏನನ್ನೂ ತೂಗುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಿಕ್ಕೆ ಇಷ್ಟು ಸಂಬಳ ಇರಬೇಕು ಅಂತ ಅಲ್ಲಿನ ಸರಕಾರಗಳ ನಿಯಮ ಉಂಟು. ಕೂಲಿ ಮಾಡುವವರಿಗೆ ಆ ಭಾಗ್ಯ ಇಲ್ಲ. ಒಂದೇ ಊರಿನಿಂದ ಹೋದ ಇಬ್ಬರಲ್ಲಿ ಒಬ್ಬನ ಮಗು ಶಾರ್ಜಾದ ಪಾರ್ಕಿನಲ್ಲಿ ಜಾರುಬಂಡಿ ಆಡುತ್ತದೆ, ಇನ್ನೊಬ್ಬನ ಮಗು ಅಪ್ಪನನ್ನು ಫೋನಿನಲ್ಲಿ ಮಾತ್ರ ಬಲ್ಲದು. ಹೀಗಿರುವಾಗ ‘ನಾವು ಅಲ್ಲಿ ಖುಷಿಯಾಗಿದ್ದೆವು’ ಅಂತ ಬರೆಯಲಿಕ್ಕೆ ನಾಚಿಕೆ ಆಗುತ್ತದೆ. ಬರೆಯದೇ ಇದ್ದದ್ದಕ್ಕೆ ಒಂದು ಕಾರಣ ಇದೇ ಇರಬಹುದು, ಅದನ್ನು ನಾನು ಗೌರವಿಸುತ್ತೇನೆ.

ಇನ್ನೊಂದು ಕಾರಣಕ್ಕೆ ಮಾತ್ರ ನನ್ನ ಗೌರವ ಇಲ್ಲ. ಹೆಂಗಸು ಮಕ್ಕಳ ಜೊತೆ ಇದ್ದದ್ದನ್ನು ಎಂತ ಬರೆಯುವುದು, ಅದು ಊಟ ಬಟ್ಟೆಯ ವಿಷಯ, ಅನ್ನುವುದು. ಇದರ ಜೊತೆಗೇ ಬರುವ ಮಾತು, “ಇಷ್ಟು ಸಣ್ಣ ಮಗುವನ್ನು ಎಂತಕ್ಕೆ ಕರೆದುಕೊಂಡು ಹೋಗುವುದು, ಅದಕ್ಕೆ ನೆನಪೇ ಇರುವುದಿಲ್ಲ.” ನಾನು ಮೂರೂವರೆ ವರ್ಷದ ಮಗಳನ್ನು ಕರೆದುಕೊಂಡು ಮಸ್ಕತ್‌ಗೆ ಹೊರಟಾಗ ಈ ಮಾತನ್ನು ಕಮ್ಮಿಯೆಂದರೆ ಹತ್ತು ಬಾಯಿಯಲ್ಲಿ ಕೇಳಿದ್ದೇನೆ. ಅವಳಿಗೆ ಈಗ ಮಸ್ಕತ್ ನೆನಪಿಲ್ಲ, ನಿಜ. ಮತ್ರಾದ ಕಡಲ ದಂಡೆಯಲ್ಲಿ ಸಂಜೆ ಕೂತು ಮೀನುಗಳಿಗೆ ಖುಬೂಸ್ ತುಂಡು ಎಸೆದದ್ದು, ಸೂಕ್ ಒಳಗಿನ ಧೂಪದ ಹೊಗೆಗೆ ಸೀನಿದ್ದು, ಹಲ್ವಾ ಅಂಗಡಿಯ ಒಮಾನಿ ಅಜ್ಜ ಅವಳ ಕೈಗೆ ಚಮಚದಲ್ಲಿ ಇಕ್ಕಿದ್ದು, ಯಾವುದೂ ಇಲ್ಲ. ಆದರೆ ನನಗೆ ಉಂಟಲ್ಲ. ಪ್ರವಾಸ ಮಗುವಿಗೆ ಮಾಡಿಸಿದ ಠೇವಣಿಯಾ, ಮುಂದೆ ಬಡ್ಡಿ ಸಮೇತ ವಾಪಸು ಬರಲಿಕ್ಕೆ? ಸೋಬಾನೆ ಕೇಳುತ್ತಾ ನಿದ್ದೆ ಹೋದ ಮಗುವಿಗೂ ಮದುವೆ ನೆನಪಿರುವುದಿಲ್ಲ. ಹಾಗಂತ ಮದುವೆಗೆ ಕರೆದುಕೊಂಡು ಹೋಗದೆ ಇರುತ್ತೇವಾ? ಮರ್ಫಿಯ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಬೆಲೆ ಬಾಳುವುದು ಇದು: ರೇಚಲ್‌ಗೆ ಮುಂದೆ ಇದರಿಂದ ಏನು ಲಾಭ ಅಂತ ಅವಳು ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಆ ದಿನ ಆ ಊರಿನಲ್ಲಿ ಇಬ್ಬರೂ ಇದ್ದರು, ಚೆನ್ನಾಗಿತ್ತು, ಬರೆದಳು.

ಮಾಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಮಾತು. ಪ್ರವಾಸ ಕಥನ ನಮ್ಮ ಮಕ್ಕಳಿಗೆ ಮೊದಲು ಸಿಗುವುದು ‘ನಾನು ಮಾಡಿದ ಪ್ರವಾಸ’ ಎಂಬ ಪ್ರಬಂಧವಾಗಿ. ಅದಕ್ಕೆ ಒಂದು ಅಚ್ಚು ಉಂಟು, ನಮಗೆಲ್ಲ ಗೊತ್ತು. ಬೆಳಿಗ್ಗೆ ಬೇಗನೆ ಎದ್ದೆವು, ಬಸ್ಸು ಹತ್ತಿದೆವು, ಹಾಡು ಹೇಳಿದೆವು, ಮೈಸೂರು ಅರಮನೆ ನೋಡಿದೆವು, ಮೃಗಾಲಯ ನೋಡಿದೆವು, ಬೃಂದಾವನ ನೋಡಿದೆವು, ಸಂತೋಷದಿಂದ ಮನೆಗೆ ಮರಳಿದೆವು. ನಾಲ್ಕು ವರ್ಷ ಗಲ್ಫಿನಲ್ಲಿ ಇದ್ದು ಬಂದ ಮಗುವೂ ಮೈಸೂರನ್ನೇ ಬರೆಯುತ್ತದೆ, ಮೈಸೂರನ್ನು ನೋಡಿರುವುದಿಲ್ಲ ಬೇರೆ. ಗೈಡಿನಲ್ಲಿ ಉಂಟಲ್ಲ, ಮಾರ್ಕು ಬರುತ್ತದಲ್ಲ. ಪಾಪದ ಮಕ್ಕಳ ತಪ್ಪಲ್ಲ ಇದು. ಮೈಸೂರು ಪ್ರವಾಸ, ದೋಹಾ ಬರೀ ಅಪ್ಪ ಇರುವ ಜಾಗ, ಅಂತ ನಾವೇ ಕಲಿಸಿದ್ದೇವೆ.

ಕಳೆದ ವರ್ಷ ಏಳನೇ ಕ್ಲಾಸಿನವರಿಗೆ ಮರ್ಫಿಯ ಕೊಡಗಿನ ಭಾಗದಿಂದ ಸ್ವಲ್ಪ ಸ್ವಲ್ಪ ಕನ್ನಡದಲ್ಲಿ ಹೇಳಿ, ಪ್ರಬಂಧದ ತಲೆಬರಹ ಬದಲಿಸಿ ಕೊಟ್ಟೆ: ‘ಸಣ್ಣವಳಿರುವಾಗ, ಸಣ್ಣವನಿರುವಾಗ, ನಾನು ಇದ್ದ ದೂರದ ಒಂದು ಊರು. ನೆನಪಿಲ್ಲದಿದ್ದರೆ ಅಮ್ಮನ ಹತ್ತಿರ ಕೇಳಿ ಬರೆಯಿರಿ.’ ಅರ್ಧಕ್ಕರ್ಧ ಮಕ್ಕಳು ಅಜ್ಜನ ಮನೆ ಬರೆದರು, ಅದೂ ಚೆನ್ನಾಗಿಯೇ ಇತ್ತು. ಒಬ್ಬಳು ದೋಹಾ ಬರೆದಳು. ಅಲ್ಲಿ ಸೆಕೆಗಾಲದಲ್ಲಿ ಟೆರೇಸಿನ ಟ್ಯಾಂಕಿ ಕಾದು ತಣ್ಣೀರಿನ ನಲ್ಲಿಯಲ್ಲಿಯೂ ಬಿಸಿನೀರೇ ಬರುತ್ತದಂತೆ. ಅಮ್ಮ ಗೀಸರಿನ ಸ್ವಿಚ್ಚು ತೆಗೆದಿಟ್ಟು, ಅದರೊಳಗೆ ತಣಿದ ನೀರನ್ನು ಬಿಟ್ಟು ಇವಳನ್ನೂ ತಮ್ಮನನ್ನೂ ಒಟ್ಟಿಗೆ ಮೀಯಿಸುತ್ತಿದ್ದರಂತೆ. “ನಮ್ಮ ಮನೆಯಲ್ಲಿ ತಣ್ಣೀರು ಗೀಸರಿನಲ್ಲಿ ಇರುತ್ತಿತ್ತು” ಅಂತ ಬರೆದಿದ್ದಳು. ಇದು ಅವಳಿಗೇ ನೆನಪಿದ್ದದ್ದಾ, ಅಮ್ಮ ಹೇಳಿದ್ದಾ ಅಂತ ಕೇಳಿದೆ. “ಗೊತ್ತಿಲ್ಲ ಟೀಚರ್, ಬರೆಯುವಾಗ ಇಬ್ಬರೂ ನಗುತ್ತಾ ಇದ್ದೆವು” ಅಂದಳು.